ಸುಮ್ಮನಾದವರು

ಮಸ್ಕಿಯ ಸರ್ಕಾರಿ ಪ್ರವಾಸಿ ಮಂದಿರ, ಐಬಿಯಲ್ಲಿ ಮೊದಲ ಸಭೆ ಸೇರಿದ ದಿನ ಸುರೇಖಾಳನ್ನು ಎಲ್ಲರಿಗೂ ಪರಿಚಯಿಸಿದವರು ಸಿಂಧನೂರಿನ ಅಕ್ಕಿ ಗಿರಣಿ ಮಾಲೀಕ ಪಂಪಾಪತಿ. ಅವರು ಎದ್ದು ನಿಂತು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಮೇಡಮ್ಮಾರು ನಮ್ಮೂರ ಡಿಗ್ರಿ ಕಾಲೇಜಿನಾಗ ಲೆಕ್ಚರರ್ ಅದಾರ. ರಾಷ್ಟ್ರಕೂಟರ ಮ್ಯಾಲೆ ಪಿಎಚ್‌ಡಿ ಮಾಡ್ಯಾರ" ಎಂದರು.

ಲಿಂಗಸುಗೂರಿನ ತೊಗರಿ ವ್ಯಾಪಾರಿ ಹನುಮಂತರಾಯರಿಗೆ ಇತಿಹಾಸವೆಂದರೆ ಪ್ರಾಣ. ಅವರು ಕುರ್ಚಿಯ ತುದಿಗೆ ಸರಿದು ಕೂತರು. "ಹೌದೇನ್ರಿ? ಹಂಗಾರ ಒಂದ್ ಮಾತು ಕೇಳ್ತೀನಿ ಮೇಡಂ. ಅಮೋಘವರ್ಷ ನಮ್ ಲಿಂಗಸುಗೂರು ಕಡಿ ಬಂದಿದ್ನೇನು, ಇಲ್ಲೇನು?"

"ಆ ರಾಷ್ಟ್ರಕೂಟರಲ್ರಿ ಸರ್. ರಾಷ್ಟ್ರಗಳ ಕೂಟ. ಯುರೋಪಿನ ದೇಶಗಳದೊಂದು ಕೂಟ, ಆಗ್ನೇಯ ಏಷ್ಯಾದವರದೊಂದು, ಆಫ್ರಿಕಾದವರದೊಂದು. ಹೊರಗಿನವರ ಜೋಡಿ ವ್ಯವಹಾರ ಮಾಡೂವಾಗ ಅವರೆಲ್ಲ ಹೆಂಗ ಒಂದ ಮಾತಿಗೆ ಬರ್ತಾರ, ಯಾವ ಕೂಟದ ಪದ್ಧತಿ ಹೆಂಗೈತಿ ಅಂತ ಹೋಲಿಸಿ ಬರದೀನಿ."

"ಬರ್ತಾರೇನ್ರಿ ಒಂದ ಮಾತಿಗೆ?" ಎಂದು ಕೇಳಿದವರು ಮಸ್ಕಿಯಲ್ಲಿ ಟೈರ್ ಅಂಗಡಿ ಇಟ್ಟಿದ್ದ ಅಮೀನ್‌ಸಾಬ್.

"ಒಮ್ಮೊಮ್ಮೆ."

"ಹಂಗಾರ ನಮ್ಮಂಗ ಅದಾರ ಬಿಡ್ರಿ," ಎಂದರು ಅಮೀನ್‌ಸಾಬ್. ಎಲ್ಲರೂ ನಕ್ಕರು. ಸುರೇಖಾಳೂ ನಕ್ಕಳು.

ಅವರು ಸೇರಿದ್ದ ಕಾರಣ ಸಣ್ಣದೇನೂ ಆಗಿರಲಿಲ್ಲ. ಹೈದರಾಬಾದಿನ ಒಂದು ದತ್ತಿ ಸಂಸ್ಥೆ ಈ ಭಾಗದಲ್ಲಿ ಡಯಾಲಿಸಿಸ್ ಕೇಂದ್ರ ತೆರೆಯಲು ಮುಂದೆ ಬಂದಿತ್ತು. ಕಟ್ಟಡ, ಯಂತ್ರ, ವೈದ್ಯರು, ತಂತ್ರಜ್ಞರು ಎಲ್ಲವೂ ಸಂಸ್ಥೆಯದೇ. ರೋಗಿಗಳಿಗೆ ಖರ್ಚಿಲ್ಲ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರಕ್ಕೂ ಸೇರಿ ಕೇಂದ್ರ ಒಂದೇ. ಅದು ಎಲ್ಲಿರಬೇಕೆಂದು ಮೂರು ಊರಿನವರೇ ಕೂಡಿ ಹೇಳಬೇಕು, ಮೂವರ ಬಾಯಲ್ಲೂ ಒಂದೇ ಊರಿನ ಹೆಸರು ಬರಬೇಕು. ಇದು ಸಂಸ್ಥೆಯ ಏಕೈಕ ಷರತ್ತು. ಹಿಂದೊಮ್ಮೆ ಬೇರೊಂದು ಕಡೆ ಕಟ್ಟಡ ಎದ್ದ ಮೇಲೆ ಪಕ್ಕದ ಊರಿನವರು ಕೋರ್ಟಿಗೆ ಹೋಗಿ, ತಂದ ಯಂತ್ರಗಳು ಪೆಟ್ಟಿಗೆಯಿಂದ ಹೊರಗೆ ಬರದೆ ಹಾಳಾಗಿದ್ದವು. ಆ ಅನುಭವದಿಂದ ಹುಟ್ಟಿದ ಷರತ್ತು ಅದು.

ಪ್ರತಿ ಊರಿನ ನಾಗರಿಕ ವೇದಿಕೆಯಿಂದ ಒಬ್ಬೊಬ್ಬ ಪ್ರತಿನಿಧಿ ಬಂದಿದ್ದರು. ಮೂವರ ಆ ಸಮಿತಿಯನ್ನು ನಡೆಸಿಕೊಂಡು ಹೋಗುವ ಸಂಚಾಲಕಿಯ ಕೆಲಸ ಸುರೇಖಾಳದು. ಅವಳನ್ನೇ ಏಕೆ ಆರಿಸಿದರೆಂಬುದನ್ನು ಹನುಮಂತರಾಯರು ಸಭೆಯಲ್ಲೇ ಬಿಚ್ಚಿ ಹೇಳಿದರು: "ಮೇಡಂ ಯಾರ ಕಡಿಯವರೂ ಅಲ್ಲ. ಅದಕ್ಕ ಛಲೋ ಆತು."

ಅವರು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದರು. ಮೂರು ಊರುಗಳ ಗಿರಣಿ, ಅಡತಿ, ಮಠ, ಪಕ್ಷ ಯಾವುದರಲ್ಲೂ ಸುರೇಖಾಳ ಬೌದ್ಧ ಮನೆತನದ ಹೆಸರಿರಲಿಲ್ಲ. ಯಾರ ಕಡೆಯವರೂ ಅಲ್ಲ ಎಂಬ ಮಾತಿಗೆ ಇನ್ನೊಂದು ಅರ್ಥವಿದೆಯೆಂದು ಅವಳು ಚಿಕ್ಕಂದಿನಿಂದ ಬಲ್ಲಳು. ಬಲ್ಲದ್ದನ್ನು ಮುಖದ ಮೇಲೆ ತಂದುಕೊಳ್ಳದೆ ಚಹಾ ಕುಡಿದಳು.

ಅವಳ ತಮ್ಮ ರಾಜೇಶನ ಸುದ್ದಿ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ತುರ್ವಿಹಾಳ, ದಢೇಸುಗೂರು ಕಡೆ ಭತ್ತ ಕೊಯ್ಯುವ ಯಂತ್ರಗಳು ಕೆಟ್ಟು ನಿಂತರೆ ರಿಪೇರಿಗೆ ಓಡುತ್ತಿದ್ದ ಹುಡುಗ. ಎರಡು ವರ್ಷದ ಹಿಂದೆ ಅವನ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಹತ್ತಿರದಲ್ಲಿ ಎಲ್ಲೂ ಅವನಿಗೆ ಪಾಳಿ ಸಿಗಲಿಲ್ಲ. ವಾರಕ್ಕೆ ಎರಡು ಸಲ ರಾಯಚೂರಿಗೆ ಬಸ್ಸು. ಹೋಗುವಾಗ ಕೂತು ಹೋಗುತ್ತಿದ್ದ, ಬರುವಾಗ ಕಿಟಕಿಯ ಸರಳಿಗೆ ತಲೆ ಆನಿಸಿ, ಬಾಯಿ ತೆರೆದುಕೊಂಡು ಬರುತ್ತಿದ್ದ. ವಾರಕ್ಕೆ ಮೂರು ಸಲ ಆಗಲೇಬೇಕು, ಹೃದಯದ ಮೇಲೆ ಭಾರ ಬೀಳುತ್ತಿದೆ ಎಂದು ವೈದ್ಯರು ಎಚ್ಚರಿಸಿದ್ದರು. ಒಂದು ತಿಂಗಳು ಮೂರು ಸಲ ಹೋಗಿಬಂದು, "ಅಕ್ಕಾ, ರೋಗಕ್ಕಿಂತ ಮೊದ್ಲು ಈ ರೋಡ ನನ್ನ ಕೊಲ್ತೈತಿ" ಎಂದು ಅವನೇ ಬಿಟ್ಟಿದ್ದ. ಮಸ್ಕಿಯೋ ಸಿಂಧನೂರೋ ಲಿಂಗಸುಗೂರೋ, ಎಲ್ಲಿ ಕೇಂದ್ರ ಬಂದರೂ ಅವನಿಗೆ ಆ ಮೂರನೆಯ ಸರದಿ ಸಿಗುತ್ತಿತ್ತು. ಹೀಗಾಗಿ ಆ ಕೋಣೆಯಲ್ಲಿ, ಊರು ಯಾವುದಾದರೂ ಆಗಲಿ ಕೇಂದ್ರ ಬರಲಿ ಎಂದು ಕೂತಿದ್ದವಳು ಅವಳೊಬ್ಬಳೇ.

ಅದನ್ನು ಹೇಳಬೇಡವೆಂದು ತಡೆದವನೂ ರಾಜೇಶನೇ. "ನನ್ನ ಸುದ್ದಿ ತೆಗೀಬ್ಯಾಡ. ತಮ್ಮನ ಸಲುವಾಗಿ ಸಿಂಧನೂರಿಗೆ ಎಳಿಯಾಕತ್ಯಾಳ ಅಂತಾರ. ನೀ ಏನು ಹೇಳಿದ್ರೂ ನಂಬೂದಿಲ್ಲ ಆಮ್ಯಾಲೆ."

ಅವಳಿಗೂ ಅದು ಸರಿಯೆನಿಸಿತು. ಸಂಚಾಲಕಿಗೆ ಸ್ವಂತ ಹಿತ ಇರಬಾರದು. ಇದ್ದರೆ ಮೊದಲೇ ಹೇಳಿ ಕುರ್ಚಿ ಬಿಡಬೇಕು. ಅವಳು ಹೇಳಲೂ ಇಲ್ಲ, ಬಿಡಲೂ ಇಲ್ಲ. ತಾಯಿ ಬಸ್ಸಮ್ಮ ಹೋದ ಮೇಲೆ ಮನೆಯಲ್ಲಿ ಉಳಿದವರು ಅಕ್ಕ ತಮ್ಮ ಇಬ್ಬರೇ. ಬಸ್ಸಮ್ಮ ಇದ್ದಾಗ ಸುರೇಖಾಳನ್ನು ನೋಡಲು ನಾಲ್ಕು ಕಡೆಯಿಂದ ಬಂದು ಹೋಗಿದ್ದರು. ಒಂದೂ ಕೂಡಿಬಂದಿರಲಿಲ್ಲ.

ಎರಡನೆಯ ಸಭೆ ಸಿಂಧನೂರಿನಲ್ಲಿ, ಮೂರನೆಯದು ಲಿಂಗಸುಗೂರಿನಲ್ಲಿ ಆಯಿತು. ಎರಡರಲ್ಲೂ ಆದದ್ದು ಒಂದೇ.

"ಜನಾ ನೋಡ್ರಿ, ವ್ಯಾಪಾರ ನೋಡ್ರಿ," ಎನ್ನುವರು ಪಂಪಾಪತಿ. "ಕಾಲುವಿ ಬಂದಾಗಿಂದ ಈ ಭಾಗದ ಅನ್ನ ಸಿಂಧನೂರಿಂದ ಹೊಂಟೈತಿ. ದೊಡ್ಡ ಊರು ಬಿಟ್ಟು ಸಣ್ಣ ಊರಾಗ ದವಾಖಾನಿ ಯಾರು ಕಟ್ತಾರ?"

"ದೊಡ್ಡದು ನಿನ್ನೆ ಮೊನ್ನೆ ಆತು," ಎನ್ನುವರು ಹನುಮಂತರಾಯರು. "ನಿಜಾಮನ ಕಾಲದಾಗ ಲಿಂಗಸುಗೂರು ಜಿಲ್ಲಾ ಇತ್ತು. 1905ರ ತನಕ. ಆವಾಗ ನಿಮ್ಮೂರಾಗ ಏನಿತ್ರಿ ಸಾವ್ಕಾರ್ರ? ಜಾಲಿ ಗಿಡ."

"ರಾಯರ, ನಡುವ ಇರೋದು ಮಸ್ಕಿ," ಎನ್ನುವರು ಅಮೀನ್‌ಸಾಬ್. "ನಿಮಗೂ ಅಷ್ಟ ದೂರ, ಅವರಿಗೂ ಅಷ್ಟ ದೂರ. ಅಶೋಕ ಚಕ್ರವರ್ತಿನೇ ನಮ್ಮೂರಿಗೆ ಬಂದು ಕಲ್ಲಿನ ಮ್ಯಾಲೆ ಹೆಸರು ಬರಸ್ಯಾನ."

"ಹೆಸರು ಬರಸಿ ಹೋಗ್ಯಾನ. ಇರಾಕ ನಿಂತಾನೇನು? ಮೊನ್ನೆ ಮೊನ್ನೆ ನಮ್ಮ ತಾಲೂಕು ಹರಕೊಂಡು ತಾಲೂಕು ಆದವರು ನೀವು. ಈಗ ದವಾಖಾನೀನೂ ಹರಕೋತೀರೇನು?" ಎನ್ನುವರು ರಾಯರು.

ಮೂರನೆಯ ಸಭೆ ಇನ್ನೇನು ಮುರಿಯುತ್ತದೆ ಎನ್ನುವಾಗ ಅಮೀನ್‌ಸಾಬ್ ಸುರೇಖಾಳ ಕಡೆ ತಿರುಗಿದರು. "ಮೇಡಂ, ನಿಮ್ಮ ದೇಶಗಳ ಕೂಟದಾಗ ಹಿಂಗ ಜಗ್ಗಾಟ ಬಿದ್ರ ಏನ್ ಮಾಡ್ತಾರ?"

ಅವಳು ಅದನ್ನೇ ಕಾಯುತ್ತಿದ್ದಳು. ಹತ್ತು ವರ್ಷ ತರಗತಿಯಲ್ಲಿ ಹೇಳಿದ ಪಾಠವನ್ನು ಮೊದಲ ಬಾರಿಗೆ ಯಾರೋ ಬೇಕಾಗಿ ಕೇಳಿದ್ದರು.

"ಆಫ್ರಿಕಾದವರು ಮೊದಲು ಎಲ್ಲರೂ ಒಪ್ಪೂ ಹಂಗ ನೋಡ್ತಾರ. ಆಗಲಿಲ್ಲಂದ್ರ ಮೂರರಾಗ ಎರಡು ಪಾಲಿನ ಬಹುಮತ."

"ಅಂದ್ರ ನಮ್ಮಾಗ ಇಬ್ಬರು ಹೂಂ ಅಂದ್ರ ಮುಗೀತು," ಎಂದರು ಪಂಪಾಪತಿ.

"ಯಾವ ಇಬ್ಬರು?" ಎಂದರು ಹನುಮಂತರಾಯರು. ಆಫ್ರಿಕಾದ ಮಾತು ಅಲ್ಲಿಗೇ ನಿಂತಿತು.

"ಆಗ್ನೇಯ ಏಷ್ಯಾದವರು ಆಸಿಯಾನ್ ಅಂತ ಮಾಡಿಕೊಂಡಾರ. ಅಲ್ಲಿ ಓಟಿಗೆ ಹಾಕೂದ ಇಲ್ಲ. ಕುಂತು ಮಾತಾಡೂದು, ಯಾರ ಮಾರಿನೂ ಕೆಡದಂಗ ನೋಡಿಕೊಳ್ಳೂದು, ಕಡೀಕ ಎಲ್ಲರೂ ಸೈ ಮಾಡೂವಂಥದ್ದು ಏನು ಉಳೀತೈತಿ ಅಷ್ಟ ಬರಿಯೂದು."

"ಅದು ಛಲೋ ಐತಿ ನೋಡ್ರಿ. ಮರ್ಯಾದಿ ಪದ್ಧತಿ," ಎಂದರು ಅಮೀನ್‌ಸಾಬ್.

"ಒಮ್ಮೊಮ್ಮೆ ಏನೂ ಉಳಿಯೂದಿಲ್ರಿ. 2012ರಾಗ ಸಮುದ್ರದ ಜಗಳಾ ಬಂದು ಜಂಟಿ ಹೇಳಿಕೀನ ಬರೀಲಿಲ್ಲ. ನಲವತ್ತೈದು ವರ್ಷದಾಗ ಅದ ಮೊದಲು."

"ನಮ್ಮ ಸಾರ್ಕ್ ಏನಾತ್ರಿ?" ಎಂದು ಪಂಪಾಪತಿ ಕೇಳಿದರು.

"ಅದಕ್ಕೂ ಎಲ್ಲರ ಒಪ್ಪಿಗಿ ಬೇಕು. 2014ರಾಗ ಕಠ್ಮಂಡುವಿನಾಗ ಶೃಂಗಸಭೆ ಆತು. ಆಮ್ಯಾಲೆ ಒಂದೂ ಆಗಿಲ್ಲ."

"ನಾವು ಆ ಪೈಕಿ," ಎಂದು ಅಮೀನ್‌ಸಾಬ್ ಎಲೆ ಅಡಿಕೆಯ ಚೀಲ ಬಿಚ್ಚಿದರು.

ಆಗ ಸುರೇಖಾ ಯುರೋಪಿನ ಮಾತು ತೆಗೆದಳು. ವಿದೇಶಾಂಗ ನೀತಿಯಲ್ಲಿ ಅಲ್ಲಿಯೂ ಸಾಮಾನ್ಯವಾಗಿ ಇಪ್ಪತ್ತೇಳು ದೇಶಗಳ ಒಪ್ಪಿಗೆ ಬೇಕು, ಒಬ್ಬ ಅಡ್ಡ ಬಿದ್ದರೆ ಗಾಡಿ ನಿಲ್ಲುತ್ತದೆ. ಆದರೆ ಅಡ್ಡ ಬೀಳದೆ ದೂರ ನಿಲ್ಲಲು ಅವರು ದಾರಿಗಳನ್ನು ಮಾಡಿಕೊಂಡಿದ್ದಾರೆ. ಅದರಲ್ಲೊಂದು ಮೌನ ವಿಧಾನ. ಕರಡನ್ನು ಎಲ್ಲರಿಗೂ ಕಳಿಸುತ್ತಾರೆ, ಗಡುವು ಹೇಳುತ್ತಾರೆ. ಆ ಗಡುವಿನೊಳಗೆ ಯಾರೂ ಬೇಡ ಎನ್ನದಿದ್ದರೆ ಕರಡು ಒಪ್ಪಿಗೆಯಾದಂತೆ. ಯಾರೂ ಕೈಯೆತ್ತಬೇಕಿಲ್ಲ, ಯಾರೂ ಹೂಂ ಎನ್ನಬೇಕಿಲ್ಲ.

"ಸುಮ್ಮನ ಕುಂತ್ರ ಆತು?" ಎಂದರು ಹನುಮಂತರಾಯರು.

"ಸುಮ್ಮನ ಕುಂತ್ರ ಆತು."

"ಭಾರಿ ಐತಿ. ನಮ್ಮ ಮನ್ಯಾಗ ನಾ ಮಾಡೂದೂ ಅದನ್ನ."

ಈ ಉಪಾಯದ ಹಿಂದೆ ಅವಳ ಲೆಕ್ಕಾಚಾರ ಇತ್ತು, ಅದು ದಡ್ಡತನದ್ದೂ ಆಗಿರಲಿಲ್ಲ. ಮಸ್ಕಿಗೆ ಹೂಂ ಎಂದು ಬಂದೆ ಎಂದು ಪಂಪಾಪತಿ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಇಳಿಯಲಾರರು. ಹನುಮಂತರಾಯರು ಲಿಂಗಸುಗೂರಿನಲ್ಲೂ ಅಷ್ಟೇ. ಆದರೆ ನಾನೇನೂ ಅನ್ನಲಿಲ್ಲ ಎಂದು ಇಬ್ಬರೂ ಇಳಿಯಬಹುದು. ಊರಿನ ಮುಂದೆ ಮುಖ ಉಳಿಸಿಕೊಂಡು ಒಪ್ಪಲು ಮೌನಕ್ಕಿಂತ ಒಳ್ಳೆಯ ಬಾಗಿಲು ಯಾವುದಿದೆ? ತನ್ನ ಪ್ರಬಂಧದ ಐದನೆಯ ಅಧ್ಯಾಯದಲ್ಲಿ ಅವಳು ಬರೆದದ್ದೂ ಇದನ್ನೇ.

"ಆಗಲಿ, ನೋಡೂಣು ಮೇಡಂ," ಎಂದು ಮೂವರೂ ಎದ್ದರು. ಅವಳು ಅದನ್ನು ಒಪ್ಪಿಗೆಯೆಂದೇ ಬರೆದುಕೊಂಡಳು.

ಶುಕ್ರವಾರ ವಾಟ್ಸಾಪ್ ಗುಂಪಿನಲ್ಲಿ ಕರಡು ಹಾಕಿದಳು. ಕೇಂದ್ರ ಮಸ್ಕಿಯಲ್ಲಿ, ಉಸ್ತುವಾರಿ ಸಮಿತಿಯ ಅಧ್ಯಕ್ಷತೆ ಸಿಂಧನೂರಿಗೆ, ಸಮಿತಿಯ ಕಚೇರಿ ಲಿಂಗಸುಗೂರಿನಲ್ಲಿ. ಆಕ್ಷೇಪವಿದ್ದವರು ಭಾನುವಾರ ಮಧ್ಯಾಹ್ನದೊಳಗೆ ತಿಳಿಸಬೇಕು, ಇಲ್ಲದಿದ್ದರೆ ಒಪ್ಪಿಗೆಯೆಂದು ಭಾವಿಸಲಾಗುವುದು.

ಮೂವರೂ ಓದಿದ ಗುರುತು ಬಿತ್ತು. ಯಾರೂ ಏನೂ ಅನ್ನಲಿಲ್ಲ. ಶನಿವಾರ ಪಂಪಾಪತಿ ಗುಲಾಬಿ ಹೂವಿನ ಚಿತ್ರದೊಂದಿಗೆ ಶುಭೋದಯ ಹಾಕಿದರು. ಹನುಮಂತರಾಯರು ಮೂತ್ರಪಿಂಡದ ಕಲ್ಲಿಗೆ ಮನೆಮದ್ದು ಎಂಬ ವಿಡಿಯೊ ಕಳಿಸಿದರು. ಅಮೀನ್‌ಸಾಬ್ ಏನೂ ಕಳಿಸಲಿಲ್ಲ.

ಭಾನುವಾರ ಸುರೇಖಾ ಮೊಬೈಲನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ರೊಟ್ಟಿ ಬಡಿದಳು. ಒಂದು ಸಲ ಅದು ಸದ್ದು ಮಾಡಿದಾಗ ಕೈಹಿಟ್ಟಿನಲ್ಲೇ ಎತ್ತಿ ನೋಡಿದಳು. ಸಿಲಿಂಡರ್ ಬುಕಿಂಗಿನ ಸಂದೇಶ. ಮಧ್ಯಾಹ್ನ ಕಳೆಯಿತು. ಅವಳು ಕೈ ತೊಳೆದು ಗುಂಪಿನಲ್ಲಿ ಬರೆದಳು: ಮಸ್ಕಿ ಸರ್ವಾನುಮತದಿಂದ ಅಂಗೀಕೃತ, ಎಲ್ಲರಿಗೂ ಧನ್ಯವಾದ. ಅದಕ್ಕೂ ಯಾರೂ ಏನೂ ಅನ್ನಲಿಲ್ಲ. ಸಂಸ್ಥೆಯ ಅಧಿಕಾರಿ ನಂದಿನಿಗೆ ಆಗಲೇ ಇಮೇಲ್ ಕಳಿಸಿದಳು.

ರಾಜೇಶ ಹೊರಕೋಣೆಯಲ್ಲಿ ಮಲಗಿದ್ದ. ವಿಷಯ ಕೇಳಿ ಗೋಡೆಗೆ ಒರಗಿ ಕೂತ. "ಖರೇನ ಅಕ್ಕ? ಸುಮ್ಮನ ಒಪ್ಪಿದ್ರು?"

"ಸುಮ್ಮನಿದ್ದ ಒಪ್ಪಿದ್ರು."

"ಮಸ್ಕಿ ಅಂದ್ರ ತಾಸಿನೊಳಗ ಹೋಗ್ತೀನಿ. ಮುಂಜಾನಿ ಕುಂತ್ರ ಮಧ್ಯಾಹ್ನ ಊಟಕ್ಕ ಮನಿ. ಮೂರನೇದೂ ಮಾಡಿಸಬಹುದು ಹಂಗಾರ."

ಸಂಜೆ ಅವನು ಮಂಚದ ಕೆಳಗಿನಿಂದ ರಿಪೇರಿ ಕೆಲಸದ ಪಾನಾಗಳ ಪೆಟ್ಟಿಗೆ ಎಳೆದುಕೊಂಡು, ತುಕ್ಕು ಹಿಡಿದವನ್ನು ಬೇರೆ ಇಟ್ಟು, ಉಳಿದವಕ್ಕೆ ಎಣ್ಣೆ ಒರೆಸುತ್ತ ಕೂತದ್ದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಎರಡು ವರ್ಷದಿಂದ ಅವನು ಆ ಪೆಟ್ಟಿಗೆ ಮುಟ್ಟಿರಲಿಲ್ಲ.

ಒಪ್ಪಂದಕ್ಕೆ ಸಹಿ ಹಾಕಿಸಲು ನಂದಿನಿ ಹೈದರಾಬಾದಿನಿಂದ ಬಂದಳು. ಬಳ್ಳಾರಿ ಕಡೆಯ ಹೆಣ್ಣುಮಗಳು, ನಯವಾಗಿ ಮಾತಾಡುವವಳು. ಮಸ್ಕಿಯ ಐಬಿಯಲ್ಲೇ ಕುರ್ಚಿ ಹಾಕಿದ್ದರು. ಹೂವಿನ ಹಾರ ತಂದಿದ್ದರು. ಮೇಜಿನ ಮೇಲೆ ಕಾಗದ ಹರಡಿ ನಂದಿನಿ ಪೆನ್ನನ್ನು ಪಂಪಾಪತಿಯವರ ಕಡೆ ಚಾಚಿದಳು.

ಪಂಪಾಪತಿ ಪೆನ್ನು ತೆಗೆದುಕೊಳ್ಳಲಿಲ್ಲ. "ಅಲ್ರಿ ಅಮ್ಮಾ, ಮಸ್ಕಿ ಅಂತ ನಾವು ಇನ್ನಾ ಹೂಂ ಅಂದಿಲ್ಲಲ್ಲ."

ನಂದಿನಿ ಸುರೇಖಾಳ ಮುಖ ನೋಡಿದಳು. ಸುರೇಖಾ ಪಂಪಾಪತಿಯ ಮುಖ ನೋಡಿದಳು. "ಸರ್, ಭಾನುವಾರದ ಗಡುವು ಇತ್ತು. ನೀವು ಬ್ಯಾಡ ಅನ್ನಲಿಲ್ಲ."

"ಹೆಂಗ ಅನ್ನೂದ್ರಿ ಮೇಡಂ? ಹೆಣ್ಣುಮಗಳು ನೀವು, ಬಿಸಲಾಗ ಮೂರೂ ಊರು ಅಡ್ಡಾಡೀರಿ. ಮಾರಿ ಮ್ಯಾಲೆ ಬ್ಯಾಡ ಅನ್ನಾಕ ಬರ್ತೈತೇನು? ಅದಕ್ಕ ಸುಮ್ಮನಾದಿವಿ."

"ಸುಮ್ಮನಾದಿವಿ ಅಂದ್ರ ತಿಳಕೋಬೇಕಲ್ರಿ," ಎಂದರು ಹನುಮಂತರಾಯರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಬೇಸರವಿತ್ತು. "ಯುರೋಪಿನವರು ಹೆಂಗೋ ಏನೋ. ನಮ್ಮಾಗ ಒಪ್ಪಿಗಿ ಇದ್ದವ ಸುಮ್ಮನ ಕುಂದರ್ತಾನೇನು? ನಾಕು ಮಂದಿ ಕರದು ಎಲಿ ಅಡಿಕಿ ಹಂಚ್ತಾನ."

ಸುರೇಖಾ ಅಮೀನ್‌ಸಾಬರ ಕಡೆ ತಿರುಗಿದಳು. ಹಾರ ತಂದವರು ಅವರೇ. ಅದು ಇನ್ನೂ ಅವರ ತೊಡೆಯ ಮೇಲೆ, ಪ್ಲಾಸ್ಟಿಕ್ ಚೀಲದಲ್ಲೇ ಇತ್ತು.

"ನಿಮಗ ಗೊತ್ತಿತ್ತೇನ್ರಿ?"

"ಅಂದಾಜಿತ್ತು ಮೇಡಂ," ಎಂದು ಅವರು ನೆಲ ನೋಡುತ್ತ ಹೇಳಿದರು. "ಇವತ್ತರ ಮನಸು ತಿರುಗೀತು ಅಂತ ಹಾರ ತಂದೆ. ಹುಡುಗಿ ನೋಡಿ ಹೋದವರು ಸುಮ್ಮನಾದ್ರ ನಾವೇನು ತಿಳೀತೀವ್ರಿ? ಹಿಂದೂರಾಗೂ ಅಷ್ಟ, ನಮ್ಮಾಗೂ ಅಷ್ಟ. ನಿಮಗೂ ಗೊತ್ತಿರ್ತೈತಿ ಅನ್ಕೊಂಡಿದ್ದೆ. ನೀವು ಇಲ್ಲಿಯವರ ಅದೀರಲ್ಲ."

ಅವಳಿಗೆ ಗೊತ್ತಿತ್ತು. ಆ ಕೋಣೆಯಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನಾಲ್ಕು ಸಲ ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗಿ ಭಾಳ ಓದ್ಯಾಳ ಎಂದು ಹೊಗಳಿ, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಚಪ್ಪಲಿ ಮೆಟ್ಟಿದ್ದರು. ನಾಲ್ಕು ಸಲವೂ ತಾಯಿ ಫೋನಿನ ಹತ್ತಿರವೇ ಓಡಾಡಿದ್ದಳು. ಕೆಲವು ದಿನ ಕಳೆದ ಮೇಲೆ ಬಸ್ಸಮ್ಮ ಯಾರಿಗೂ ಕೇಳಿಸದ ಹಾಗೆ, "ಆತು, ಅವರು ಸುಮ್ಮನಾದ್ರು" ಎಂದು ಪಿಂಗಾಣಿ ಬಟ್ಟಲುಗಳನ್ನು ಒರೆಸಿ ಮೇಲಿನ ಗೂಡಿಗೆ ಏರಿಸುತ್ತಿದ್ದಳು. ಬೇಡ ಎಂಬ ಪದವನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಆಡುವ ಅಗತ್ಯವೂ ಬಿದ್ದಿರಲಿಲ್ಲ. ಇಷ್ಟನ್ನು ಸ್ವತಃ ಉಂಡವಳು ಮೌನಕ್ಕೆ ಒಪ್ಪಿಗೆಯೆಂಬ ಅರ್ಥ ಹುಡುಕಲು, ಪಿಎಚ್‌ಡಿಗೆಂದು ಕಲಬುರಗಿಯ ಗ್ರಂಥಾಲಯಕ್ಕೆ ಹೋಗಿದ್ದಳು.

"ಇನ್ನೊಂದು ವಾರ ಸಮಯ ಕೊಡಲೇನ್ರಿ?" ಎಂದು ನಂದಿನಿ ಕೇಳಿದಳು.

"ಆಗಲಿ ತಗೋರಿ," ಎಂದರು ಪಂಪಾಪತಿ. "ಊರಾಗ ವಿಚಾರ ಮಾಡಿ ತಿಳಸ್ತೀವಿ."

"ತಿಳಸ್ತೀವಿ," ಎಂದರು ಹನುಮಂತರಾಯರು.

"ಇಲ್ಲ ಅಂತ ಅರ್ಥ ನಂದಿನಿಯವರೇ," ಎಂದಳು ಸುರೇಖಾ. ಅವಳ ದನಿ ಅವಳಿಗೇ ಗಟ್ಟಿಯೆನಿಸಿತು. "ಇಬ್ಬರೂ ಈಗ ಹೇಳಿದ್ದು ಇಲ್ಲ ಅಂತ."

ಯಾರೂ ಅಲ್ಲಗಳೆಯಲಿಲ್ಲ. ಆಗ ಅವಳು, ಮೂರು ಸಭೆಗಳಲ್ಲಿ ನುಂಗಿಕೊಂಡಿದ್ದನ್ನು ಹೇಳಿಬಿಟ್ಟಳು. "ನನ್ನ ತಮ್ಮ ಅದಾನ. ರಾಜೇಶ. ವಾರಕ್ಕ ಎರಡು ಸರ್ತಿ ರಾಯಚೂರಿಗೆ ಹೋಗ್ತಾನ. ಮೂರು ಸರ್ತಿ ಆಗಬೇಕು, ಹೋಗಾಕ ಆಗವಲ್ದು. ಹೃದಯ ಸೋಲಾಕತ್ತೈತಿ ಅಂತ ಡಾಕ್ಟರ್ ಹೇಳ್ಯಾರ. ನನಗ ಮಸ್ಕಿನ ಆಗಲಿ ಅಂತಿಲ್ರಿ. ನಿಮ್ಮ ಅಂಗಳದಾಗ ಆದ್ರೂ ಆಗಲಿ, ಅವರ ಹಿತ್ತಲದಾಗ ಆದ್ರೂ ಆಗಲಿ. ಎಲ್ಯಾರ ಒಂದು ಕಡಿ ಆಗಲಿ."

ಮೊದಲು ಎದ್ದವರು ಪಂಪಾಪತಿ. ಅವರ ಕಣ್ಣಲ್ಲಿ ನೀರು ಬಂದಿತ್ತು, ಅದರಲ್ಲಿ ನಾಟಕವಿರಲಿಲ್ಲ. "ಮದಲ ಯಾಕ ಹೇಳಲಿಲ್ರಿ ಮೇಡಂ? ನನ್ನ ಕಾರ್ ಕಳಸ್ತೀನಿ. ವಾರಕ್ಕ ಮೂರು ಸರ್ತಿ, ಡ್ರೈವರ್ ಸಮೇತ. ಎಸಿ ಗಾಡಿ, ಮಕ್ಕೊಂಡು ಹೋಗಿ ಮಕ್ಕೊಂಡು ಬರಲಿ ಹುಡುಗ."

"ರಾಯಚೂರಾಗ ನಮ್ಮ ಬೀಗರ ಮನಿ ಖಾಲಿ ಐತಿ," ಎಂದರು ಹನುಮಂತರಾಯರು. "ಅಲ್ಲೇ ಇಡ್ರಿ ಅವನನ್ನ. ಬಾಡಿಗಿ ಮಾತು ಎತ್ತಬ್ಯಾಡ್ರಿ."

"ಔಷಧದ ಖರ್ಚು ನನಗ ಬಿಡ್ರಿ ಬೇಟಿ," ಎಂದರು ಅಮೀನ್‌ಸಾಬ್.

ಅವಳು ಪಂಪಾಪತಿಯ ಮುಂದೆ ಕೈಮುಗಿದಳು. "ಸಾವ್ಕಾರ್ರ, ಕಾರ್ ಬ್ಯಾಡ್ರಿ. ಸೈ ಮಾಡ್ರಿ ಸಾಕು. ನನ್ನ ತಮ್ಮ ಒಬ್ಬನ ಅಲ್ಲ, ಇಂಥವರು ಭಾಳ ಮಂದಿ ಅದಾರ. ಎಷ್ಟು ಮಂದಿಗೆ ಕಾರ್ ಕಳಸ್ತೀರಿ?"

ಪಂಪಾಪತಿ ಮೇಜಿನ ಮೇಲಿದ್ದ ಪೆನ್ನು ನೋಡಿದರು. "ಕಾರ್ ನಂದು ಮೇಡಂ. ಕೇಳೂಕಿಂತ ಮದ್ಲ ಕೊಡ್ತೀನಿ. ಊರು ನಂದಲ್ಲ."

ತರಗತಿಯಲ್ಲಿ ಅವಳು ಈ ಪಾಠಕ್ಕೆ ಬಂದಾಗಲೆಲ್ಲ ಹುಡುಗರಿಗೆ ಒಂದು ಮಾತು ಹೇಳುತ್ತಿದ್ದಳು: ಕೂಟವಾಗಿ ಒಂದು ಚೀಲ ಗೋಧಿ ಕಳಿಸಲಾಗದ ದೇಶಗಳು ಒಂಟಿಯಾಗಿ ಹಡಗು ತುಂಬ ಕಳಿಸುತ್ತವೆ, ಬರೆದುಕೊಳ್ಳಿ. ಹುಡುಗರು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಬರುವ ಪ್ರಶ್ನೆ ಅದು.

ನಂದಿನಿ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕಾಗದಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡಳು. ಬೇರೆ ಜಿಲ್ಲೆಯ ಎರಡು ಊರುಗಳು ಒಂದೇ ಹೆಸರು ಬರೆದುಕೊಟ್ಟು ತಿಂಗಳಾಯಿತು, ಇನ್ನು ಅವರನ್ನು ಕಾಯಿಸಲು ಬರುವುದಿಲ್ಲ ಎಂದಳು. ಸುರೇಖಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಿಟ್ಟು, ಕಾರು ಹತ್ತಿದಳು.

ಕಾರು ಗೇಟು ದಾಟಿದ್ದೇ ತಡ, ಹನುಮಂತರಾಯರು ಸೆಟೆದು ಕೂತರು. "ನೋಡಿದ್ರೇನು ದಿಮಾಕು? ಒಂದು ವಾರ ಕೊಡ್ತೀನಿ ಅಂದಾಕಿ ಒಂದು ತಾಸು ಕೊಡಲಿಲ್ಲ."

"ಮದ್ಲ ಬ್ಯಾರೆ ಜಿಲ್ಲಾ ನೋಡಿ ಇಟ್ಟಾರ್ರಿ," ಎಂದರು ಪಂಪಾಪತಿ. "ನಮ್ಮನ್ನ ಜಗಳಾಡಾಕ ಹಚ್ಚಿ ಅಲ್ಲಿಗೆ ಒಯ್ಯೂ ಪ್ಲಾನು."

"ಹಿಂದುಳಿದ ಭಾಗ ಅಂತ ಎಲ್ಲರೂ ಹಿಂಗ ಮಾಡ್ತಾರ," ಎಂದರು ಅಮೀನ್‌ಸಾಬ್. ಹಾರದ ಚೀಲವನ್ನು ಕುರ್ಚಿಯ ಕೆಳಗೆ ಇಟ್ಟರು.

"ಸುಮ್ಮನ ಬಿಡಬಾರದು. ಒಂದು ಖಂಡನಾ ನಿರ್ಣಯ ಆಗಲಿ. ಮೂರೂ ಊರಿನದು ಕೂಡಿ. ಪತ್ರಿಕಿಗೆ ಕೊಡೂಣು," ಎಂದರು ಹನುಮಂತರಾಯರು.

ಚಹಾ ಬರುವಷ್ಟರಲ್ಲಿ ನಿರ್ಣಯ ಸಿದ್ಧವಾಗಿತ್ತು. ಹನುಮಂತರಾಯರು ಹೇಳಿದರು, ಪಂಪಾಪತಿ ತಿದ್ದಿದರು, ಅಮೀನ್‌ಸಾಬ್ ಬರೆದರು. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲೂಕುಗಳ ಜನತೆಯ ಭಾವನೆಗಳನ್ನು ಕಡೆಗಣಿಸಿದ ಹೊರಗಿನ ಸಂಸ್ಥೆಯ ಧೋರಣೆಯನ್ನು ಸಮಿತಿ ಒಕ್ಕೊರಲಿನಿಂದ ಖಂಡಿಸುತ್ತದೆ. ಊರುಗಳ ಹೆಸರನ್ನು ಯಾವ ಕ್ರಮದಲ್ಲಿ ಬರೆಯಬೇಕೆಂಬ ಪ್ರಶ್ನೆ ಬಂತು. ಸಿಂಧನೂರು ಕಡೆಯಿಂದ ಬರುವ ಬಸ್ಸಿನ ದಾರಿಯ ಕ್ರಮದಲ್ಲಿ ಎಂದು ಅದೂ ಜಗಳವಿಲ್ಲದೆ ತೀರ್ಮಾನವಾಯಿತು. ಮೂವರೂ ಸಹಿ ಹಾಕಿದರು. ಅಮೀನ್‌ಸಾಬ್ ಎಲೆ ಅಡಿಕೆಯ ಚೀಲ ಬಿಚ್ಚಿ ಇಬ್ಬರಿಗೂ ಕೊಟ್ಟರು. ಸಮಿತಿ ಹುಟ್ಟಿದಾಗಿನಿಂದ ಹೊರಗಿನವರ ವಿಷಯದಲ್ಲಿ ಅದು ತೆಗೆದುಕೊಂಡ ಮೊದಲ ಒಮ್ಮತದ ನಿಲುವು ಇದು.

"ಮೇಡಂ, ಸಂಚಾಲಕರು ಅಂತ ನಿಮ್ಮದೊಂದು," ಎಂದು ಪಂಪಾಪತಿ ಕಾಗದವನ್ನು ಅವಳ ಕಡೆ ತಿರುಗಿಸಿದರು.

ಸುರೇಖಾ ಕಾಗದ ನೋಡಿದಳು. ಏನೂ ಹೇಳಲಿಲ್ಲ.

"ಒಪ್ಪಿಗಿ ಐತೆಲ್ರಿ?"

ಅವಳು ಏನೂ ಹೇಳಲಿಲ್ಲ. ಪಂಪಾಪತಿ ಅವಳ ಮುಖವನ್ನು ಸ್ವಲ್ಪ ಹೊತ್ತು ಕನಿಕರದಿಂದ ನೋಡಿ, ಕಾಗದ ಹಿಂದಕ್ಕೆ ಎಳೆದುಕೊಂಡರು. "ಹೋಗ್ಲಿ, ಮನಸಿಗೆ ತ್ರಾಸ ಆಗೈತಿ ಅವರಿಗೆ. ಮೇಡಂ ಸುಮ್ಮನದಾರ. ಅವರ ಪದ್ಧತಿ ಪ್ರಕಾರ ಒಪ್ಪಿಗಿ ಐತಿ ಅಂತ ಬರಕೋರಿ."

ಅಮೀನ್‌ಸಾಬ್ ಒಂದು ಕ್ಷಣ ತಡೆದರು. ಆಮೇಲೆ ಬರೆದುಕೊಂಡರು.

ಅವಳು ಸಿಂಧನೂರಿಗೆ ಇಳಿದಾಗ ಇನ್ನೂ ಬಿಸಿಲಿತ್ತು. ಪಂಪಾಪತಿ ಕಾರಿನಲ್ಲಿ ಬನ್ನಿ ಎಂದಿದ್ದರು; ಅವಳು ಬಸ್ಸಿಗೆ ಬಂದಿದ್ದಳು. ಮನೆಯ ಬಾಗಿಲು ತೆರೆದೇ ಇತ್ತು. ರಾಜೇಶ ಕಟ್ಟೆಯ ಮೇಲೆ, ಪಕ್ಕದ ಮನೆಯವರ ನೀರೆತ್ತುವ ಮೋಟಾರನ್ನು ಬಿಚ್ಚಿಕೊಂಡು ಕೂತಿದ್ದ. ಬಾವು ಬಂದ ಬೆರಳುಗಳಿಗೆಲ್ಲ ಗ್ರೀಸು ಮೆತ್ತಿತ್ತು. ಎಣ್ಣೆ ಒರೆಸಿದ ಪಾನಾಗಳು ಹಳೆಯ ಗೋಣಿಚೀಲದ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿದ್ದವು.

"ಬಂದ್ಯಾ? ಸೈ ಆತೇನಕ್ಕ?"

ಅವಳು ಚಪ್ಪಲಿ ಬಿಟ್ಟಳು. ಚೀಲವನ್ನು ಮೊಳೆಗೆ ತೂಗುಹಾಕಿದಳು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಪಕ್ಕದಲ್ಲಿ ಇಟ್ಟುಕೊಂಡು ಕೂತಳು. ಅವನಿಗೆ ಅಳತೆ ಮೀರಿ ನೀರು ಕುಡಿಯುವಂತಿರಲಿಲ್ಲ, ಅವಳೇ ಕುಡಿದಳು.

ರಾಜೇಶ ಅವಳನ್ನು ನೋಡುತ್ತಿದ್ದ. ಇನ್ನೊಂದು ಸಲ ಕೇಳಲಿಲ್ಲ. ಕೈಯಲ್ಲಿದ್ದ ಪಾನಾವನ್ನು ಬಟ್ಟೆಗೆ ಒರೆಸಿ, ಪೆಟ್ಟಿಗೆಯಲ್ಲಿ ಅದರ ಜಾಗಕ್ಕೆ ಇಟ್ಟ. ಇನ್ನೊಂದನ್ನು ಎತ್ತಿಕೊಂಡು ಅದನ್ನೂ ಒರೆಸಿದ.

"ಆತು ಬಿಡು," ಎಂದ. "ನಾಳಿ ರಾಯಚೂರು ಬಸ್ಸಿಗೆ ಲಗೂನ ಏಳಬೇಕು. ಕಿಟಕಿ ಕಡಿ ಸೀಟು ಸಿಗೂದಿಲ್ಲ ಇಲ್ಲಂದ್ರ."